ಕಂಪನಿಗೆ ವಯಸ್ಸಾದ ಮೇಲೆ: ಇನ್ಫೋಸಿಸ್ ನೋಡಿ ಕಲಿಯುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆ ಇಪ್ಪತ್ತು ಮೂವತ್ತು ಜನರನ್ನು ಇಟ್ಟುಕೊಂಡು ಸಾಫ್ಟ್‌ವೇರ್ ಕಂಪನಿ ನಡೆಸುವವರು ಸಿಕ್ಕಾಗಲೆಲ್ಲ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಂಪನಿ ಶುರು ಮಾಡುವುದು ಹೇಗೆ ಎಂದು ಕೇಳುವವರು ಕಡಿಮೆ. ಹತ್ತು ವರ್ಷ ಆಯಿತು, ಮುಂದಿನ ಇಪ್ಪತ್ತು ವರ್ಷ ಹೇಗೆ ಎಂಬುದೇ ಅವರ ಚಿಂತೆ.

ಇಷ್ಟೆಲ್ಲ ಕಂಪನಿಗಳಿರುವಾಗ ಉದಾಹರಣೆಗೆ ಇನ್ಫೋಸಿಸ್ಸೇ ಯಾಕೆ?

ಅದರ ಒಳ್ಳೆಯದೂ ಕೆಟ್ಟದ್ದೂ ಎರಡೂ ಬಯಲಲ್ಲಿ ಇರುವುದರಿಂದ. 1981ರ ಜುಲೈನಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಹುಟ್ಟುಹಾಕಿದ ಕಂಪನಿ ಅದು: ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ಎನ್.ಎಸ್. ರಾಘವನ್, ಕ್ರಿಸ್ ಗೋಪಾಲಕೃಷ್ಣನ್, ಎಸ್.ಡಿ. ಶಿಬುಲಾಲ್, ಕೆ. ದಿನೇಶ್, ಅಶೋಕ್ ಅರೋರಾ. ಎಲ್ಲರೂ ಪಟ್ನಿ ಕಂಪ್ಯೂಟರ್ಸ್‌ನಿಂದ ಬಂದವರು. ನಾಲ್ಕು ದಶಕ ದಾಟಿದೆ. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಜಗಳವೂ ದಾಖಲೆಯಾಗಿ ಉಳಿದಿದೆ. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಕಂಪನಿಗಳಲ್ಲಿ ನಮಗೆ ಕಾಣುವುದು ಗೆದ್ದವರು ಹೇಳುವ ಕಥೆ ಮಾತ್ರ.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಸಾಧನೆ ತಂತ್ರಜ್ಞಾನದ್ದಲ್ಲ. ಮಾಲೀಕರು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವ ನಿಯಮಗಳನ್ನು, ಇನ್ನೂ ದುಡ್ಡು ಬಾರದ ಕಾಲದಲ್ಲೇ, ಮಾಡಿಕೊಂಡರು. ಆ ನಿಯಮಗಳನ್ನು ಪಾಲಿಸಿದಾಗ ಏನಾಯಿತು, ಸಡಿಲಿಸಿದಾಗ ಏನಾಯಿತು ಎಂದು ನೋಡಿದರೆ ಕಥೆಯ ಬಹುಪಾಲು ಅರ್ಥವಾಗುತ್ತದೆ.

ಸುಧಾ ಮೂರ್ತಿ ಕೊಟ್ಟ ಹತ್ತು ಸಾವಿರ ರೂಪಾಯಿ ಕಥೆ ನಿಜವೇ?

ನಿಜ. ಕಂಪನಿ ಶುರುಮಾಡಲು ಗಂಡ ನಾರಾಯಣ ಮೂರ್ತಿಗೆ ಅವರು ಕೊಟ್ಟ ದುಡ್ಡು ಅದು. ಆದರೆ ಆ ಕಥೆಯ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ. ದುಡ್ಡು ಕೊಟ್ಟವರು ಸ್ವತಃ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಎಂಜಿನಿಯರ್, ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟಾರ್ಸ್) ಕೆಲಸ ಮಾಡಿದವರು. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದು ಎಂದು ಮೂರ್ತಿ ಹಟ ಹಿಡಿದಿದ್ದರಿಂದ ಅವರು ಹೊರಗೇ ಉಳಿದರು. ಇದು ಅನ್ಯಾಯ ಎಂದು ಮೂರ್ತಿಯವರೇ ಮುಂದೆ ಒಪ್ಪಿದ್ದಾರೆ. ಅನ್ಯಾಯವೋ ಅಲ್ಲವೋ, ಕಂಪನಿಯ ಮೊದಲ ನಿಯಮ ಮಾಲೀಕನ ಮನೆಯವರ ಮೇಲೆಯೇ ಬಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಮೊದಲ ಹತ್ತು ವರ್ಷ ಅಷ್ಟು ನಿಧಾನ ಯಾಕೆ?

ಆ ಕಾಲದಲ್ಲಿ ಕಂಪ್ಯೂಟರ್ ಕಂಪನಿಯ ಹತ್ತಿರ ಕಂಪ್ಯೂಟರೇ ಇರಲಿಲ್ಲ! ವಿದೇಶದಿಂದ ತರಿಸಲು ಲೈಸೆನ್ಸ್ ಬೇಕು, ಅದಕ್ಕೆ ದೆಹಲಿಗೆ ಓಡಾಡಬೇಕು, ಅಪ್ಪಣೆ ಸಿಗುವ ಹೊತ್ತಿಗೆ ಮಾರುಕಟ್ಟೆಗೆ ಬೇರೆ ಮಾಡೆಲ್ ಬಂದಿರುತ್ತದೆ, ಮತ್ತೆ ಮೊದಲಿನಿಂದ ಅರ್ಜಿ. ಆಫೀಸಿಗೆ ಒಂದು ಟೆಲಿಫೋನ್ ಕನೆಕ್ಷನ್ ಸಿಗುವುದೂ ಸಾಹಸವೇ. ಡೇಟಾ ಜನರಲ್ ಕಂಪನಿಯ ಯಂತ್ರ ಬರುವ ತನಕ ಮೂರ್ತಿ ಇಲ್ಲಿ ಉಳಿದು ಕಾಗದಪತ್ರ ನೋಡಿಕೊಂಡರು, ಉಳಿದವರು ಅಮೆರಿಕದಲ್ಲಿ ಕ್ಲೈಂಟ್ ಜಾಗದಲ್ಲೇ ಕೂತು ಕೋಡ್ ಬರೆದರು. ಮೊದಲ ಕ್ಲೈಂಟ್ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್. 1983ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿನ ಮೈಕೋ (ಈಗಿನ ಬಾಷ್) ಕಾರ್ಖಾನೆಯ ಕೆಲಸ ಸಿಕ್ಕಿತ್ತು.

ದಶಕದ ಕೊನೆಗೆ ನಿಜವಾದ ಕಷ್ಟ ಬಂತು. ಕರ್ಟ್ ಸಾಲ್ಮನ್ ಎಂಬ ಅಮೆರಿಕದ ಸಂಸ್ಥೆಯ ಜೊತೆ ಮಾಡಿಕೊಂಡಿದ್ದ ಜಂಟಿ ಉದ್ಯಮ 1989ರಲ್ಲಿ ಮುರಿದುಬಿತ್ತು. ಅಶೋಕ್ ಅರೋರಾ ಕಂಪನಿ ಬಿಟ್ಟರು. ಮರುವರ್ಷ ಯಾರೋ ಹತ್ತು ಲಕ್ಷ ಡಾಲರ್ ಕೊಟ್ಟು ಕಂಪನಿಯನ್ನೇ ಕೊಳ್ಳುತ್ತೇವೆ ಎಂದು ಬಂದರು. ಒಂಬತ್ತು ವರ್ಷ ದುಡಿದು, ಸ್ವಂತ ಮನೆಯೂ ಇಲ್ಲದ ಜನರಿಗೆ ಅದು ಸಣ್ಣ ಮೊತ್ತವಲ್ಲ. ಉಳಿದವರಿಗೆ ಮಾರಿಬಿಡೋಣ ಎಂಬ ಮನಸ್ಸಿತ್ತು. ಎಲ್ಲರ ಮಾತು ಮುಗಿದ ಮೇಲೆ ಮೂರ್ತಿ, ಹೋಗುವವರು ಹೋಗಿ, ನಿಮ್ಮ ಪಾಲನ್ನು ನಾನು ಕೊಳ್ಳುತ್ತೇನೆ ಎಂದರು. ಕೈಯಲ್ಲಿ ಕಾಸಿರಲಿಲ್ಲ. ಯಾರೂ ಹೋಗಲಿಲ್ಲ. ಮುಂದಿನ ವರ್ಷ, 1991ರಲ್ಲಿ, ಲೈಸೆನ್ಸ್ ರಾಜ್ಯ ಸಡಿಲವಾಯಿತು.

ಇದನ್ನು ಕೇಳಿದವರು "ಧೈರ್ಯ" ಎನ್ನುತ್ತಾರೆ. ನನಗೆ ಅದರಲ್ಲಿ ಕಾಣುವುದು ಕ್ರಮ. ಆ ಸಭೆಯಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದರು, ಮೂರ್ತಿ ಕೊನೆಗೆ ಮಾತಾಡಿದರು. ನಮ್ಮಲ್ಲಿ ಬಹಳ ಕಂಪನಿಗಳಲ್ಲಿ ಬಾಸ್ ಮೊದಲು ಮಾತಾಡುತ್ತಾನೆ, ಆಮೇಲೆ ಉಳಿದವರು ತಲೆಯಾಡಿಸುತ್ತಾರೆ, ನಿಜವಾದ ಮಾತು ಪಾರ್ಕಿಂಗ್‌ನಲ್ಲಿ ನಡೆಯುತ್ತದೆ.

ನಮ್ಮ ಆದಾಯದ ಅರ್ಧಕ್ಕಿಂತ ಹೆಚ್ಚು ಒಂದೇ ಕ್ಲೈಂಟ್‌ನಿಂದ ಬರುತ್ತದೆ. ತಪ್ಪೇ?

ಶುರುವಿನಲ್ಲಿ ತಪ್ಪಲ್ಲ, ಬೇರೆ ದಾರಿಯೂ ಇರುವುದಿಲ್ಲ. ಹತ್ತನೇ ವರ್ಷಕ್ಕೂ ಹಾಗೇ ಇದ್ದರೆ ನಿಮ್ಮ ಕಂಪನಿ ನಡೆಸುವವರು ನೀವಲ್ಲ, ಆ ಕ್ಲೈಂಟ್‌ನ ಪರ್ಚೇಸ್ ಡಿಪಾರ್ಟ್‌ಮೆಂಟ್.

1995ರಲ್ಲಿ ಇನ್ಫೋಸಿಸ್‌ಗೆ ಇದೇ ಆಯಿತು. ಆದಾಯದ ಸುಮಾರು ಶೇ 25 ಕೊಡುತ್ತಿದ್ದ ಕ್ಲೈಂಟ್, ಗುತ್ತಿಗೆ ನವೀಕರಣಕ್ಕೆ ಬಂದಾಗ ದರ ಇಳಿಸಲೇಬೇಕು ಎಂದು ಪಟ್ಟು ಹಿಡಿಯಿತು. ಮೂರ್ತಿ ಈ ಪ್ರಸಂಗವನ್ನು ಭಾಷಣದಲ್ಲಿ ಹೇಳಿದಾಗ ಹೆಸರು ಎತ್ತಲಿಲ್ಲ; ಅದು ಜನರಲ್ ಎಲೆಕ್ಟ್ರಿಕ್ ಎಂಬುದು ಉದ್ಯಮದವರಿಗೆಲ್ಲ ಗೊತ್ತು. ಆ ದರಕ್ಕೆ ಒಪ್ಪಿದರೆ ಒಳ್ಳೆಯ ಎಂಜಿನಿಯರುಗಳನ್ನು ಇಟ್ಟುಕೊಳ್ಳಲು, ಹೊಸದನ್ನು ಕಲಿಯಲು ದುಡ್ಡು ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ, ಆಗುವುದಿಲ್ಲ ಎಂದರು. ಜಗಳ ಮಾಡಿಕೊಂಡು ಎದ್ದುಬರಲಿಲ್ಲ. ಕೆಲಸವನ್ನು ಬೇರೆಯವರಿಗೆ ಸರಿಯಾಗಿ ಒಪ್ಪಿಸಿಯೇ ಹೊರಬಂದರು. ಆಮೇಲೆ ಮಾಡಿದ್ದು ಇನ್ನೂ ಮುಖ್ಯ: ಒಬ್ಬ ಕ್ಲೈಂಟ್, ಒಂದು ದೇಶ, ಒಂದು ತಂತ್ರಜ್ಞಾನ, ಕೊನೆಗೆ ಒಬ್ಬ ಉದ್ಯೋಗಿಯ ಮೇಲೂ ಅತಿಯಾಗಿ ಅವಲಂಬಿಸದಂತೆ ನೋಡಿಕೊಳ್ಳಲು ಒಂದು ಸಮಿತಿಯನ್ನೇ ಮಾಡಿದರು.

"ಇಲ್ಲ" ಎನ್ನಲು ಗಂಟಲು ಗಟ್ಟಿಯಿದ್ದರೆ ಸಾಲದು, ಬ್ಯಾಂಕಿನಲ್ಲಿ ದುಡ್ಡಿರಬೇಕು. ಅವರು 1993ರಲ್ಲೇ ಷೇರುಪೇಟೆಗೆ ಹೋಗಿದ್ದರು. ನಿಮ್ಮ ಲೆಕ್ಕ ಹೀಗೆ ಮಾಡಿ. ಮೂವತ್ತು ಜನರ ಕಂಪನಿ, ತಿಂಗಳ ಬಿಲ್ಲಿಂಗ್ 30 ಲಕ್ಷ, ಸಂಬಳ 20 ಲಕ್ಷ, ಬಾಡಿಗೆ ಕರೆಂಟು ಇಂಟರ್ನೆಟ್ಟು ಎಲ್ಲ ಸೇರಿ 3 ಲಕ್ಷ ಎಂದಿಟ್ಟುಕೊಳ್ಳಿ. ಉಳಿಯುವುದು 7 ಲಕ್ಷ. ದೊಡ್ಡ ಕ್ಲೈಂಟ್‌ನ ಪಾಲು 18 ಲಕ್ಷ. ಅವನು ಶೇ 15 ಇಳಿಸು ಎಂದರೆ ನಿಮ್ಮ 7 ಲಕ್ಷ 4.30 ಲಕ್ಷಕ್ಕೆ ಬರುತ್ತದೆ, ನೋವಾಗುತ್ತದೆ, ಸಾಯುವುದಿಲ್ಲ. ಅವನು ಎದ್ದೇ ಹೋದರೆ ಬಿಲ್ಲಿಂಗ್ 12 ಲಕ್ಷ, ಖರ್ಚು 23 ಲಕ್ಷ, ತಿಂಗಳಿಗೆ 11 ಲಕ್ಷ ಕೈಯಿಂದ. ಬ್ಯಾಂಕಿನಲ್ಲಿ 33 ಲಕ್ಷ ಇದ್ದರೆ ನಿಮಗೆ ಮೂರು ತಿಂಗಳು ಟೈಮಿದೆ. ಹೊಸ ಕ್ಲೈಂಟ್ ಹಿಡಿದು, ಅಗ್ರಿಮೆಂಟ್ ಆಗಿ, ಮೊದಲ ಇನ್‌ವಾಯ್ಸ್‌ನ ಪೇಮೆಂಟ್ ಬರಲು ಆರು ತಿಂಗಳಾದರೂ ಬೇಕು. ಅಲ್ಲಿಗೆ ಈ ಸಲ ತಲೆಬಾಗಿ ಸಹಿ ಹಾಕಿ, ಸಹಿ ಹಾಕಿದ ದಿನದಿಂದಲೇ ಎರಡನೇ ಕ್ಲೈಂಟ್ ಹುಡುಕಲು ಶುರುಮಾಡಿ.

ಕೆಟ್ಟ ಸುದ್ದಿಯನ್ನು ಸಿಬ್ಬಂದಿಗೆ, ಹೂಡಿಕೆದಾರರಿಗೆ ಯಾವಾಗ ಹೇಳಬೇಕು?

ನಿಮಗೆ ಖಚಿತವಾದ ಕೂಡಲೇ. ಅನುಮಾನ ಬಂದರೆ ಬಹಿರಂಗಪಡಿಸು ಎಂಬುದು ಇನ್ಫೋಸಿಸ್‌ನವರ ಹಳೆಯ ಸೂತ್ರ. ತೊಂಬತ್ತರ ದಶಕದಲ್ಲಿ ಷೇರುಪೇಟೆಯಲ್ಲಿ ಹಾಕಿದ್ದ ಕಂಪನಿಯ ದುಡ್ಡು ಹೋದಾಗ ಷೇರುದಾರರ ಮುಂದೆ ಹಾಗೆಂದು ಹೇಳಿಕೊಂಡರು. 2003ರ ಏಪ್ರಿಲ್‌ನಲ್ಲಿ ಮುಂದಿನ ವರ್ಷದ ಲಾಭ ಪೇಟೆ ಎಣಿಸಿದಷ್ಟು ಬರುವುದಿಲ್ಲ ಎಂದಾಗ ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲು ಭಾಗದಷ್ಟು ಬಿತ್ತು. ಬಿದ್ದದ್ದು ಆಮೇಲೆ ಎದ್ದಿತು. 2004ರಲ್ಲಿ ವಾರ್ಷಿಕ ಆದಾಯ ನೂರು ಕೋಟಿ ಡಾಲರ್ ದಾಟಿತು.

ಮುಚ್ಚಿಟ್ಟರೆ ಏನಾಗುತ್ತದೆ ಎಂದು ನೋಡಲು ಪಕ್ಕದ ಹೈದರಾಬಾದ್ ಸಾಕು. 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು, ವರ್ಷಗಳಿಂದ ಲೆಕ್ಕದಲ್ಲಿ ಇಲ್ಲದ ಹಣ ತೋರಿಸಿದ್ದಾಗಿ ಪತ್ರ ಬರೆದರು. ಹುಲಿ ಸವಾರಿ ಎಂದು ಅವರೇ ಕರೆದುಕೊಂಡರು. ಅಂಥ ಸವಾರಿ ಶುರುವಾಗುವುದು ಒಂದು ತ್ರೈಮಾಸಿಕದ ಸಣ್ಣ ಸುಳ್ಳಿನಿಂದ.

ಇಎಸ್‌ಒಪಿ (ಸಿಬ್ಬಂದಿಗೆ ಕಂಪನಿಯ ಷೇರು) ಕೊಡಬೇಕೇ? ನಮ್ಮಂಥ ಸಣ್ಣ ಕಂಪನಿಗೆ ಅದರ ಅರ್ಥವೇನು?

1993ರ ಷೇರು ಬಿಡುಗಡೆಯಲ್ಲಿ 95 ರೂಪಾಯಿಯ ಇನ್ಫೋಸಿಸ್ ಷೇರನ್ನು ಕೊಳ್ಳುವವರೇ ಸಾಕಷ್ಟು ಇರಲಿಲ್ಲ. ಉಳಿದದ್ದನ್ನು ಅಮೆರಿಕದ ಹೂಡಿಕೆ ಬ್ಯಾಂಕ್ ಮೋರ್ಗನ್ ಸ್ಟ್ಯಾನ್ಲಿ ತೆಗೆದುಕೊಂಡಿತು. ಮರುವರ್ಷವೇ ಸಿಬ್ಬಂದಿಗೂ ಷೇರು ಹಂಚುವ ಯೋಜನೆ ತಂದರು. ಮುಂದೆ ಡ್ರೈವರುಗಳು, ಆಫೀಸ್ ಸಹಾಯಕರು ಕೂಡ ಲಕ್ಷಾಧೀಶರಾದ ಕಥೆ ಬೆಂಗಳೂರಿನಲ್ಲಿ ಮನೆಮಾತು.

ಆದರೆ ನಿಮ್ಮ ಕಂಪನಿಯ ಷೇರು ಮಾರಲು ಪೇಟೆಯೇ ಇಲ್ಲದಿದ್ದರೆ ಇಎಸ್‌ಒಪಿ ಕಾಗದ ಮಾತ್ರ. ಅದರ ಬದಲು ಲಾಭದ ಇಷ್ಟು ಭಾಗ ಎಂದು ಬರೆದುಕೊಟ್ಟು, ಪ್ರತಿ ಮಾರ್ಚ್ ಲೆಕ್ಕ ತೋರಿಸಿ ಹಂಚಿದರೆ ಹೆಚ್ಚು ಪ್ರಾಮಾಣಿಕ. ಲೆಕ್ಕ ತೋರಿಸಲು ಮನಸ್ಸಿಲ್ಲದವರು ಎರಡನ್ನೂ ಮಾಡದಿರುವುದು ಒಳ್ಳೆಯದು.

ಮಗನನ್ನೋ ಮಗಳನ್ನೋ ಕಂಪನಿಗೆ ಸೇರಿಸಿಕೊಳ್ಳಬಹುದೇ?

ನಿಮ್ಮದು ನಿಮ್ಮ ಕಂಪನಿಯೇ ಆಗಿದ್ದರೆ, ಬಹುಪಾಲು ಷೇರು ನಿಮ್ಮ ಮನೆಯಲ್ಲೇ ಇದ್ದರೆ, ಸೇರಿಸಿಕೊಳ್ಳಿ. ಹಾಗೆಂದು ಮೊದಲೇ ಎಲ್ಲರಿಗೂ ಹೇಳಿ. ವಿಪ್ರೋದಲ್ಲಿ ನಡೆದದ್ದು ಹಾಗೆ. ತಂದೆ ತೀರಿಕೊಂಡಾಗ, 1966ರಲ್ಲಿ, ಅಜೀಂ ಪ್ರೇಮ್‌ಜಿ 21ನೇ ವಯಸ್ಸಿಗೆ ಸ್ಟ್ಯಾನ್‌ಫರ್ಡ್ ಬಿಟ್ಟು ಬಂದು ಅಮಳನೇರ್‌ನ ಅಡುಗೆ ಎಣ್ಣೆ ಕಂಪನಿ ವಹಿಸಿಕೊಂಡರು, ಅದನ್ನೇ ಕಂಪ್ಯೂಟರ್ ಕಂಪನಿ ಮಾಡಿದರು, 2019ರಲ್ಲಿ ಮಗ ರಿಷದ್‌ಗೆ ಒಪ್ಪಿಸಿದರು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಇನ್ಫೋಸಿಸ್‌ನಲ್ಲಿ ಸ್ಥಾಪಕರ ಮಕ್ಕಳು ಬರಬಾರದು ಎಂಬ ಮಾತಿತ್ತು. 2013ರ ಜೂನ್‌ನಲ್ಲಿ, ಬೆಳವಣಿಗೆ ಕುಂಟುತ್ತಿದ್ದಾಗ, ನಿವೃತ್ತರಾಗಿದ್ದ ಮೂರ್ತಿಯವರನ್ನು ಮತ್ತೆ ಕರೆತಂದರು. ಅವರ ಜೊತೆ ಸಹಾಯಕರಾಗಿ ಮಗ ರೋಹನ್ ಬಂದರು. ಇಬ್ಬರ ಸಂಬಳವೂ ವರ್ಷಕ್ಕೆ ಒಂದೊಂದು ರೂಪಾಯಿ. ಒಂದೇ ವರ್ಷಕ್ಕೆ ಇಬ್ಬರೂ ಹೊರಟರು. ಆದರೂ ಜನ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಆ ವರ್ಷ ಅಲ್ಲಿನ ಹಲವು ಹಿರಿಯ ಅಧಿಕಾರಿಗಳು ಕಂಪನಿ ಬಿಟ್ಟರು ಎಂಬುದು ಬೇರೆ. ನಿಯಮ ಇಲ್ಲದ ಮನೆಯಲ್ಲಿ ಮಗ ಬಂದರೆ ಸುದ್ದಿಯಲ್ಲ. ನಿಯಮ ಸಾರಿದವರ ಮನೆಯಲ್ಲಿ ಒಂದು ರೂಪಾಯಿಗೆ ಬಂದರೂ ಸುದ್ದಿ.

ಸ್ಥಾಪಕ ಯಾವಾಗ ಹೊರಡಬೇಕು?

ಈ ಪ್ರಶ್ನೆಗೆ ಯಾರ ಮುಖ ನೋಡಿದರೂ ಸ್ವಲ್ಪ ಬಿಗಿಯಾಗುತ್ತದೆ.

ಇನ್ಫೋಸಿಸ್ ವಯಸ್ಸಿನ ಮಿತಿ ಇಟ್ಟುಕೊಂಡಿತ್ತು. 60ಕ್ಕೆ ಕಾರ್ಯನಿರ್ವಾಹಕ ಹುದ್ದೆ ಬಿಡಬೇಕು, 65ಕ್ಕೆ ನಿರ್ದೇಶಕ ಮಂಡಳಿಯನ್ನೇ ಬಿಡಬೇಕು. ಮೂರ್ತಿ 2006ರಲ್ಲಿ ಒಂದನ್ನು, 2011ರಲ್ಲಿ ಇನ್ನೊಂದನ್ನು ಬಿಟ್ಟರು. ಕಾಗದದ ಮೇಲೆ ಚೊಕ್ಕ. ಆದರೆ ಸಿಇಒ ಕುರ್ಚಿಯ ಪಟ್ಟಿ ನೋಡಿ: ಮೂರ್ತಿ, 2002ರಿಂದ ನಿಲೇಕಣಿ, 2007ರಿಂದ ಗೋಪಾಲಕೃಷ್ಣನ್, 2011ರಿಂದ ಶಿಬುಲಾಲ್. ಮೂವತ್ಮೂರು ವರ್ಷ ಸ್ಥಾಪಕರ ಸರದಿಯೇ ನಡೆಯಿತು. ಹೊರಗಿನಿಂದ ಬಂದು ಇಪ್ಪತ್ತು ವರ್ಷ ದುಡಿದ ಅಧಿಕಾರಿಗೆ ತನ್ನ ಸರದಿ ಯಾವಾಗ ಎಂಬುದು ಗೊತ್ತಾಗಲಿಲ್ಲ. ವಯಸ್ಸಿನ ನಿಯಮ ಮಾಡಿದರು, ಮುಂದಿನವರನ್ನು ಬೆಳೆಸುವ ನಿಯಮ ಅಷ್ಟು ಗಟ್ಟಿಯಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

2014ರ ಆಗಸ್ಟ್‌ನಲ್ಲಿ ಮೊದಲ ಹೊರಗಿನ ಸಿಇಒ ಆಗಿ ವಿಶಾಲ್ ಸಿಕ್ಕಾ ಬಂದರು. ಆಮೇಲೆ ಪನಾಯಾ ಕಂಪನಿ ಖರೀದಿ, ಮಾಜಿ ಹಣಕಾಸು ಮುಖ್ಯಸ್ಥರಿಗೆ ಕೊಟ್ಟ ಬೀಳ್ಕೊಡುಗೆ ಮೊತ್ತ, ಸಿಇಒ ಸಂಬಳ ಇವುಗಳ ಬಗ್ಗೆ ಮೂರ್ತಿ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ತನಿಖೆಯಲ್ಲಿ ಅಕ್ರಮ ಕಂಡಿಲ್ಲ ಎಂದಿತು ಮಂಡಳಿ. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು, ಮಂಡಳಿ ನೇರವಾಗಿ ಮೂರ್ತಿಯವರನ್ನೇ ದೂಷಿಸಿತು, ಷೇರು ಸುಮಾರು ಶೇ 10 ಕುಸಿಯಿತು. ಒಂದು ವಾರದೊಳಗೆ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು, 2018ರ ಜನವರಿಯಲ್ಲಿ ಸಿಇಒ ಆಗಿ ಸಲೀಲ್ ಪಾರೇಖ್ ಬಂದರು, ಗಲಾಟೆ ತಣ್ಣಗಾಯಿತು.

ಯಾರು ಸರಿ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಮೂರ್ತಿ ಎತ್ತಿದ್ದು ಆಡಳಿತದ ಶಿಸ್ತಿನ ಪ್ರಶ್ನೆಗಳೇ. ಆದರೆ ಅವರಿಗೆ ಮಂಡಳಿಯಲ್ಲಿ ಕುರ್ಚಿ ಇರಲಿಲ್ಲ, ಮಾತಿಗೆ ಮಾತ್ರ ಕುರ್ಚಿಗಿಂತ ಹೆಚ್ಚು ತೂಕವಿತ್ತು. ಅಧಿಕಾರ ಬಿಟ್ಟ ಮೇಲೂ ಹೆಸರಿನ ಬಲ ಉಳಿದೇ ಇರುತ್ತದೆ. ಅದನ್ನು ಎಲ್ಲಿ, ಯಾರ ಮುಂದೆ, ಹೇಗೆ ಬಳಸಬೇಕು ಎಂಬುದಕ್ಕೆ ಆ ಕಂಪನಿಯಲ್ಲಿ ನಿಯಮವಿರಲಿಲ್ಲ. ನಿವೃತ್ತ ಸ್ಥಾಪಕ ವರ್ಷಕ್ಕೆ ಎರಡು ಸಲ ಮಂಡಳಿಯ ಮುಂದೆ ಕೂತು ಕೇಳಬೇಕಾದ್ದನ್ನು ಕೇಳಬಹುದು, ಪತ್ರಿಕೆಗಳಿಗೆ ಹೋಗುವ ಹಾಗಿಲ್ಲ ಎಂಬಂಥ ಒಂದು ಸಾಲು ಸಾಕಿತ್ತೇನೋ.

ಹೋಲಿಕೆಗೆ ಟಿಸಿಎಸ್ ನೋಡಿ. 1968ರಲ್ಲಿ ಶುರುವಾದ ಆ ಕಂಪನಿಯಲ್ಲಿ 2023ರವರೆಗೆ ಸಿಇಒ ಕುರ್ಚಿಗೆ ಬಂದವರು ಐವರೇ: ಕೊಹ್ಲಿ, ರಾಮದೊರೈ, ಚಂದ್ರಶೇಖರನ್, ಗೋಪಿನಾಥನ್, ಕೃತಿವಾಸನ್. ಕೊಹ್ಲಿಯ ನಂತರದವರೆಲ್ಲ ಒಳಗೇ ಬೆಳೆದವರು. ಹಿಂದೆ ಟಾಟಾ ಸನ್ಸ್ ಎಂಬ ಒಬ್ಬನೇ ದೊಡ್ಡ ಮಾಲೀಕ. ಹಾಗಾಗಿ ಅಲ್ಲಿ ಕುರ್ಚಿ ಬದಲಾದರೆ ಪತ್ರಿಕೆಯ ವಾಣಿಜ್ಯ ಪುಟಕ್ಕಷ್ಟೇ ಸುದ್ದಿ.

ಕೈಯಲ್ಲಿ ಷೇರು ಕಡಿಮೆ ಇದ್ದರೂ ಸಂಸ್ಕೃತಿಯ ಬಲದಿಂದ ಕಂಪನಿ ಉಳಿಸಿಕೊಳ್ಳಬಹುದೇ?

ಮೈಂಡ್‌ಟ್ರೀ ಹಾಗೆ ನಂಬಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಒಳಗಿನ ವಾತಾವರಣಕ್ಕೆ ಹೆಸರಾದ ಕಂಪನಿ. ಸ್ಥಾಪಕರ ಕೈಯಲ್ಲಿದ್ದದ್ದು ಶೇ 13ರ ಆಸುಪಾಸು. ಅದಕ್ಕಿಂತ ದೊಡ್ಡ ಪಾಲು, ಸುಮಾರು ಶೇ 20, ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರಲ್ಲಿತ್ತು. 2019ರಲ್ಲಿ ಅವರು ಅದನ್ನು ಎಲ್ ಆಂಡ್ ಟಿಗೆ ಮಾರಿದರು. ಸ್ಥಾಪಕರು ಎಷ್ಟೇ ವಿರೋಧಿಸಿದರೂ ಕೆಲವೇ ತಿಂಗಳಲ್ಲಿ ಕಂಪನಿ ಕೈತಪ್ಪಿತು. 2022ರಲ್ಲಿ ಎಲ್ ಆಂಡ್ ಟಿಯದೇ ಸಾಫ್ಟ್‌ವೇರ್ ಕಂಪನಿ ಎಲ್‌ಟಿಐ ಜೊತೆ ವಿಲೀನವಾಗಿ ಅದರ ಹೆಸರೂ ಬದಲಾಯಿತು. ದೊಡ್ಡ ಪಾಲುದಾರ ಮಾರುವುದಾದರೆ ಮೊದಲು ನಮಗೇ ಕೇಳಬೇಕು ಎಂಬ ಷರತ್ತನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಸಿಕೊಳ್ಳಿ. ಷೇರುಪೇಟೆಗೆ ಹೋದ ಮೇಲೆ ಅದು ಕಷ್ಟ.

ವಾರಕ್ಕೆ 70 ಗಂಟೆ ದುಡಿಯಬೇಕೇ?

2023ರಲ್ಲಿ ಮೂರ್ತಿ ಹಾಗೆಂದ ಮೇಲೆ ಈ ಪ್ರಶ್ನೆ ತಪ್ಪುವುದಿಲ್ಲ. ಕಂಪನಿ ನಿಮ್ಮದಾದರೆ ದುಡಿಯಿರಿ, ಯಾರೂ ಬೇಡ ಎನ್ನುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೇ ದಿನಕ್ಕೆ ಎರಡು ಗಂಟೆ ಕಳೆಯುವ ಸಂಬಳದ ಹುಡುಗನಿಗೆ ಹೇಳಬೇಡಿ.

ಹೊಸಬರನ್ನು ತರಬೇತಿಗೊಳಿಸಿದರೆ ಎರಡೇ ವರ್ಷಕ್ಕೆ ಬಿಟ್ಟು ಹೋಗುತ್ತಾರೆ. ಆದರೂ ಮಾಡಬೇಕೇ?

ಮಾಡಲೇಬೇಕು, ಬಿಟ್ಟು ಹೋಗುವವರನ್ನೂ ಲೆಕ್ಕಕ್ಕೆ ಹಿಡಿದು ಮಾಡಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇನ್ಫೋಸಿಸ್ ಕಟ್ಟಿದ ತರಬೇತಿ ಕೇಂದ್ರ ಒಂದು ವಿಶ್ವವಿದ್ಯಾಲಯದಷ್ಟು ದೊಡ್ಡದು. ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ತಂದು ತಿಂಗಳುಗಟ್ಟಲೆ ಕಲಿಸಿ ಪ್ರೋಗ್ರಾಮರ್ ಮಾಡಿದ್ದು ಅಲ್ಲಿನ ನಿಜವಾದ ಸಾಧನೆ. ಅದೇ ಕ್ಯಾಂಪಸ್ಸಿನಿಂದ 2025ರ ಫೆಬ್ರವರಿಯಲ್ಲಿ, ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು ಮುನ್ನೂರಕ್ಕೂ ಹೆಚ್ಚು ಜನರನ್ನು ಕಳಿಸಿಬಿಟ್ಟರು. ಮೂರು ಅವಕಾಶ ಕೊಟ್ಟಿದ್ದೆವು, ಇದು ಹಳೆಯ ಪದ್ಧತಿ ಎಂದಿತು ಕಂಪನಿ. ಇರಬಹುದು. ಆದರೆ ಅವರಲ್ಲಿ ಎಷ್ಟೋ ಜನ ಆಫರ್ ಲೆಟರ್ ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾಲ ಕರೆಗಾಗಿ ಕಾದಿದ್ದವರು. ಕಾಯಿಸಿದವರಿಗೆ ಕಳಿಸುವಾಗ ಇನ್ನಷ್ಟು ಹೊಣೆ ಇರುತ್ತದೆ.

ಇದೆಲ್ಲದರಲ್ಲಿ ಬೆಂಗಳೂರಿನ ಪಾಲೆಷ್ಟು?

ಬಹಳ. ಎಪ್ಪತ್ತರ ದಶಕದಲ್ಲೇ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ ಜಮೀನು ಗುರುತಿಸಿ ಎಲೆಕ್ಟ್ರಾನಿಕ್ಸ್ ಸಿಟಿ ಕನಸು ಕಂಡಾಗ ನಕ್ಕವರೇ ಹೆಚ್ಚು. 1994ರಲ್ಲಿ ಇನ್ಫೋಸಿಸ್ ಹೋದದ್ದು ಅಲ್ಲಿಗೇ. ಎಚ್‌ಎಎಲ್, ಬಿಇಎಲ್, ಐಟಿಐ, ಐಐಎಸ್‌ಸಿ ಆಗಲೇ ಇಲ್ಲಿದ್ದವು. ನಾಯಕತ್ವದ ಬಗ್ಗೆ ಮಾತಾಡುವವರು ಸರ್ಕಾರಿ ಅಧಿಕಾರಿಗಳನ್ನು ಈ ಪಟ್ಟಿಗೆ ಸೇರಿಸುವುದೇ ಇಲ್ಲ. ಬಾಳಿಗಾ ಹೆಸರು ಅಲ್ಲಿ ಮೊದಲ ಸಾಲಿನಲ್ಲಿರಬೇಕಿತ್ತು.

ನಾವು ಮೂವರು ಗೆಳೆಯರು, ಎಂಟು ವರ್ಷದ ಕಂಪನಿ. ಈ ವಾರ ಏನು ಮಾಡಬೇಕು ಹೇಳಿ.

ಭಾನುವಾರ ಬೆಳಗ್ಗೆ, ಆಫೀಸು ಖಾಲಿ ಇರುವಾಗ, ಮೂವರೂ ಕೂತು ಒಂದು ಹಾಳೆ ತೆಗೆದುಕೊಳ್ಳಿ. ಒಬ್ಬರು ಬಿಟ್ಟು ಹೋದರೆ ಅವರ ಷೇರಿಗೆ ಬೆಲೆ ಕಟ್ಟುವ ಸೂತ್ರ ಏನು, ಆ ದುಡ್ಡನ್ನು ಎಷ್ಟು ಕಂತಿನಲ್ಲಿ ಕೊಡುವುದು ಎಂದು ಮೊದಲು ಬರೆಯಿರಿ. ಒಬ್ಬರು ತೀರಿಕೊಂಡರೆ ಷೇರು ಮನೆಯವರಿಗೆ ಹೋಗುತ್ತದೆ ಸರಿ, ಸಹಿ ಹಾಕುವ ಅಧಿಕಾರವೂ ಹೋಗುತ್ತದೆಯೇ? ಮನೆಯವರು ಕೆಲಸಕ್ಕೆ ಬರಬಹುದೇ, ಬಂದರೆ ಯಾರು ಸಂದರ್ಶನ ಮಾಡುವುದು? ಯಾವ ವಯಸ್ಸಿಗೆ ಯಾರು ಎದ್ದೇಳುವುದು, ಎದ್ದ ಮೇಲೆ ಕ್ಲೈಂಟ್ ಜೊತೆ ನೇರ ಮಾತಾಡಬಹುದೇ? ಬ್ಯಾಂಕಿನಲ್ಲಿ ಎಷ್ಟು ತಿಂಗಳ ಸಂಬಳ ಮುಟ್ಟದೆ ಇಡುವುದು? ಮೂವರಿಗೂ ಒಪ್ಪಿಗೆಯಾದದ್ದನ್ನು ಸೋಮವಾರ ನಿಮ್ಮ ಸಿಎ ಮತ್ತು ವಕೀಲರ ಹತ್ತಿರ ಕೊಟ್ಟು ಷೇರುದಾರರ ಒಪ್ಪಂದವಾಗಿ ಮಾಡಿಸಿ, ಕಂಪನಿಯ ಆರ್ಟಿಕಲ್ಸ್‌ನಲ್ಲೂ (ಅದರ ಒಳ ನಿಯಮಾವಳಿ) ಸೇರಿಸಿಸಿ. ಒಪ್ಪಿಗೆಯಾಗದ ಸಾಲುಗಳು ಉಳಿದರೆ ಹಾಳೆ ಹರಿಯಬೇಡಿ, ಮುಂದಿನ ಭಾನುವಾರ ಮತ್ತೆ ಕೂರಿ.